ಬಣ್ಣದ ಮಾತು: ಮುಖ ಮುಚ್ಚಿದ ಹೆಂಗಸರು

ಕಳೆದ ಸಂಚಿಕೆಯಲ್ಲಿ ಪೋಲೆಂಡಿನ ಕಲಾವಿದೆ ಎವಾ ಯುಷ್ಕೆವಿಚ್ ಅವರ ಎರಡು ಚಿತ್ರ ಹಾಕಿದ್ದೆವು. ಆಮೇಲೆ ಬಂದ ಪತ್ರಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ. ಉತ್ತರಿಸಿದವರು ವಿರಾಜಪೇಟೆಯ ನಿವೃತ್ತ ಚಿತ್ರಕಲಾ ಶಿಕ್ಷಕಿ.

ಪ್ರಶ್ನೆ: ಟೀಚರ್, ಉಡುಪು, ಒಡವೆ ಎಲ್ಲ ಅಷ್ಟು ಚಂದ ಬರೆದು ಮುಖದ ಜಾಗದಲ್ಲಿ ಬಟ್ಟೆ, ಎಲೆ, ಅಣಬೆ ತುಂಬಿದ್ದಾರೆ. ಇದು ಹೆಣ್ಣಿಗೆ ಅವಮಾನ ಅಲ್ವಾ? (ಓದುಗರೊಬ್ಬರು, ನಾಪೋಕ್ಲು)

ಉತ್ತರ: ಮೊದಲ ಸಲ ನೋಡಿದಾಗ ನನಗೂ ಎದೆ ಧಸಕ್ಕೆಂದಿತ್ತು. ರೇಷ್ಮೆಯ ಹೊಳಪು, ಲೇಸಿನ ಅಂಚು, ಮಡಿಲಲ್ಲಿಟ್ಟ ಕೈಬೆರಳು ಎಲ್ಲವೂ ಹಳೇ ಕಾಲದ ಯುರೋಪಿನ ಚಿತ್ರದಂತೆಯೇ ಇವೆ. ಮುಖ ಮಾತ್ರ ಇಲ್ಲ. ಮಳೆಗಾಲದಲ್ಲಿ ನಮ್ಮ ತೋಟದ ಕೊಳೆತ ಮರದ ಮೇಲೆ ಕುಮ್ಮು ಏಳುತ್ತದಲ್ಲ, ಹಾಗೆ ಒಂದರಲ್ಲಿ ಕುತ್ತಿಗೆಯ ಮೇಲೆ ಅಣಬೆ ಎದ್ದಿದೆ. ಇನ್ನೊಂದರಲ್ಲಿ ತಲೆಕೂದಲೇ ಮುಂದೆ ಬಂದು ಮುಖವನ್ನು ಸುತ್ತಿಕೊಂಡಿದೆ.

ಎವಾ ಹುಟ್ಟಿದ್ದು 1984ರಲ್ಲಿ, ಬಾಲ್ಟಿಕ್ ಕಡಲ ದಡದ ಗ್ದಾನ್ಸ್ಕ್ ಊರಿನಲ್ಲಿ. ಚಿತ್ರಕಲೆ ಓದಿದ್ದೂ ಅಲ್ಲೇ. ಆಮೇಲೆ ಕ್ರಾಕೋವ್‌ನ ಕಲಾ ಅಕಾಡೆಮಿಯಲ್ಲಿ ಡಾಕ್ಟರೇಟ್ ಮಾಡಿದರು. 18, 19ನೇ ಶತಮಾನದ ಹೆಂಗಸರ ಭಾವಚಿತ್ರಗಳನ್ನು ಎದುರಿಗಿಟ್ಟುಕೊಂಡು, ಅದೇ ಹಳೇ ಕ್ರಮದಲ್ಲಿ ಎಣ್ಣೆ ಬಣ್ಣದಿಂದ ಬರೆಯುತ್ತಾರೆ. ಆ ಕಾಲದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ನುಣುಪು ಕೆನ್ನೆ, ಸಣ್ಣ ಬಾಯಿ, ಸಿಟ್ಟೂ ಇಲ್ಲದ ನಗುವೂ ಇಲ್ಲದ ನೋಟ. ಎಲ್ಲರೂ ಅಕ್ಕತಂಗಿಯರ ಹಾಗೆ ಕಾಣುತ್ತಾರೆ. ಹೆಂಗಸು ಹೀಗಿರಬೇಕು ಎಂದು ಆ ಕಾಲ ಒಪ್ಪಿಕೊಂಡಿದ್ದ ಮುಖ ಅದು. ಅವಳ ಸ್ವಂತ ಮುಖ ಆಗಲೇ ಮುಚ್ಚಿಹೋಗಿತ್ತು. ಎವಾ ಆ ಮುಚ್ಚಿದ್ದನ್ನು ನಮಗೆ ಕಾಣುವ ಹಾಗೆ ಮಾಡಿದರು ಎಂದು ನಾನು ನಂಬುತ್ತೇನೆ.

ಇದು ನನಗೆ ಪುಸ್ತಕ ಓದಿ ಹೊಳೆದದ್ದಲ್ಲ. ಪ್ರತಿವರ್ಷ ಒಂಬತ್ತನೇ ಕ್ಲಾಸಿನವರಿಗೆ ಒಂದು ಕೆಲಸ ಕೊಡುತ್ತಿದ್ದೆ: ಮನೆಯ ಗೋಡೆಯ ಮೇಲಿರುವ ಅಜ್ಜಿಯ ಫೋಟೋ ನೋಡಿ ಬರೆಯಿರಿ ಎಂದು. ಮಕ್ಕಳು ಹಿಂದಕ್ಕೆ ನೆರಿಗೆ ಇಟ್ಟ ಸೀರೆಯನ್ನು ಸರಿಯಾಗಿ ಬರೆಯುತ್ತಿದ್ದರು. ಕೊರಳಿನ ಒಡವೆಗಳಾದ ಪತ್ತಾಕ್, ಜೋಮಾಲೆ, ತಲೆಯ ವಸ್ತ್ರ ಯಾವುದೂ ತಪ್ಪುತ್ತಿರಲಿಲ್ಲ. ಮುಖಕ್ಕೆ ಬಂದರೆ ಮಾತ್ರ ನಲವತ್ತು ಹಾಳೆಯಲ್ಲೂ ಒಂದೇ ಮುಖ. ದೊಡ್ಡ ಕಣ್ಣು, ಚೂಪು ಮೂಗು, ಕ್ಯಾಲೆಂಡರಿನ ದೇವಿಯ ತುಟಿ. ಅಜ್ಜಿ ಎಲ್ಲಿ ಹೋದರು?

ಒಂದು ವರ್ಷ ಒಬ್ಬ ಹುಡುಗ ಮಾತ್ರ ಬೇರೆ ಥರ ಬರೆದ. ಅವರ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಫೋಟೋಕ್ಕೆ ಮಳೆಯ ತೇವ ಹತ್ತಿ ಬೂಷ್ಟು ಬಂದು, ಮುತ್ತಜ್ಜಿಯ ಮುಖವೇ ಅಳಿಸಿಹೋಗಿತ್ತು. ಅವನು ಬೂಷ್ಟನ್ನೇ ಬರೆದಿದ್ದ, ಚುಕ್ಕೆ ಚುಕ್ಕೆಯಾಗಿ, ಬಿಳಿ ಹಸಿರು ಬಣ್ಣದಲ್ಲಿ. ಮುಖ ಬರೆದು ಸರಿಮಾಡು ಎಂದೆ ನಾನು. ಅದು ನನ್ನ ತಪ್ಪು. ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಎಲ್ಲರೂ ನಿಂತು ನೋಡಿದ್ದು ಅದನ್ನೇ. ಇವರು ಯಾರು, ಹೆಸರೇನು ಎಂದು ಕೇಳಿದ್ದೂ ಅದೊಂದರ ಬಗ್ಗೆಯೇ. ಹೆಸರು ಹುಡುಗನಿಗೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬಂದು, ಮಾರನೇ ದಿನ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದ. ಎವಾ ಅವರ ಚಿತ್ರ ನೋಡಿದಾಗೆಲ್ಲ ನನಗೆ ಆ ಪೆನ್ಸಿಲ್ ಅಕ್ಷರ ನೆನಪಾಗುತ್ತದೆ.

ಪ್ರಶ್ನೆ: ಇವರ ಒಂದು ಚಿತ್ರ ಕೋಟಿಗಟ್ಟಲೆಗೆ ಹೋಯಿತಂತೆ. ಅಷ್ಟು ದುಡ್ಡು ಅವರಿಗೇ ಸಿಕ್ಕಿತಾ? (ಕಾಫಿ ಬೆಳೆಗಾರರು, ಸೋಮವಾರಪೇಟೆ)

ಉತ್ತರ: ಇಲ್ಲ. 2019ರಲ್ಲಿ ಅವರು ಫ್ರಾನ್ಸಿನ ಬುವಾಯಿ ಎಂಬ ಹಳೇ ಕಲಾವಿದರ ಚಿತ್ರವನ್ನು ಆಧರಿಸಿ ಒಬ್ಬ ಮಹಿಳೆಯ ಭಾವಚಿತ್ರ ಬರೆದಿದ್ದರು. 2022ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು ಸುಮಾರು 15.6 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ನಮ್ಮ 12 ಕೋಟಿ ರೂಪಾಯಿ. ಆದರೆ ಹರಾಜಿಗೆ ಇಟ್ಟವರು ಚಿತ್ರವನ್ನು ಮೊದಲೇ ಕೊಂಡಿದ್ದವರು. ನಿಮಗೆ ಇದು ನಾನು ಹೇಳಬೇಕಾ? ಕೊಯ್ದ ಕೂಡಲೇ ಹಣ್ಣು ಕಾಫಿ ಮಾರಿಬಿಟ್ಟ ಮೇಲೆ ರೇಟು ಏರಿದರೆ, ಲಾಭ ದಾಸ್ತಾನು ಇಟ್ಟವರದ್ದು. ಹೆಸರು ಏರಿದ್ದರಿಂದ ಮುಂದಿನ ಚಿತ್ರಕ್ಕೆ ಬೆಲೆ ಬರುತ್ತದೆ, ಅಷ್ಟೇ. 2020ರಿಂದ ಗಗೋಸಿಯನ್ ಎಂಬ ದೊಡ್ಡ ಗ್ಯಾಲರಿ ಅವರ ಚಿತ್ರಗಳನ್ನು ಮಾರುತ್ತಿದೆ.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ, ಚಿತ್ರ ಬರೆಯುತ್ತಾಳೆ. ಹಳೇ ಚಿತ್ರಗಳನ್ನು ನೋಡಿಕೊಂಡು ಬರೆಯುವುದೇ ಜಾಸ್ತಿ. ಕಾಪಿ ಮಾಡಿದರೆ ಸ್ವಂತದ್ದು ಬರುತ್ತದಾ? ಹೋದ ವರ್ಷದ ಎಣ್ಣೆ ಬಣ್ಣದ ಚಿತ್ರವೂ ಬೂಷ್ಟು ಬಂದು ಹಾಳಾಯಿತು. (ತಾಯಿ, ಪೊನ್ನಂಪೇಟೆ)

ಉತ್ತರ: ಅವಳನ್ನು ತಡೆಯಬೇಡಿ ಅಮ್ಮಾ. ಇನ್ನೊಬ್ಬರ ಚಿತ್ರ ನೋಡಿ ಬರೆಯುವುದು ಕೈಗೆ ಬುದ್ಧಿ ಕಲಿಸುವ ಹಳೇ ದಾರಿ. ಎವಾ ಅವರೂ ಅಲ್ಲಿಂದಲೇ ಹೊರಟವರು. ಕಳೆದುಹೋದ, ಹಾಳಾದ ಚಿತ್ರಗಳನ್ನು ಬರೀ ಕಪ್ಪುಬಿಳುಪು ಫೋಟೋ ನೋಡಿ ಮತ್ತೆ ಬರೆದಿದ್ದಾರೆ. ಬಣ್ಣ ಯಾವುದೆಂದು ಫೋಟೋ ಹೇಳುವುದಿಲ್ಲ. ಅಲ್ಲಿ ತಾನೇ ತೀರ್ಮಾನ ಮಾಡಬೇಕು. ನಿಮ್ಮ ಮಗಳಿಗೂ ಮನೆಯ ಒಂದು ಕಪ್ಪುಬಿಳುಪು ಫೋಟೋ ಕೊಡಿ. ಸೀರೆಯ ಬಣ್ಣ ಯಾರಿಗಾದರೂ ನೆನಪಿದೆಯಾ ಎಂದು ಮನೆಯವರನ್ನು ಕೇಳಲಿ.

ಇನ್ನು ಬೂಷ್ಟಿನ ವಿಷಯ. ಅಗಸೆ ಎಣ್ಣೆಯ ಬಣ್ಣ ನೀರಿನ ಬಣ್ಣದಂತೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಚಳಿ, ತೇವ ಇದ್ದರೆ ಇನ್ನೂ ತಡ. ತೆಳು ಬಣ್ಣದ ಪದರದ ಮೇಲೆ ಪದರ ಹಾಕುವವರು ಒಂದು ಒಣಗುವ ತನಕ ಕಾಯಲೇಬೇಕು. ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್ ತನಕ ಪೆನ್ಸಿಲ್, ಇದ್ದಿಲು ಹಿಡಿಯಲಿ. ಎಣ್ಣೆ ಬಣ್ಣವನ್ನು ಅಕ್ಟೋಬರ್ ಬಿಸಿಲಿಗೆ ಇಟ್ಟುಕೊಳ್ಳಲಿ. ಈಗಾಗಲೇ ಬರೆದ ಕ್ಯಾನ್ವಾಸನ್ನು ಗೋಡೆಗೆ ಒರಗಿಸಬೇಡಿ, ಹಿಂದೆ ಗಾಳಿ ಆಡುವಂತೆ ನಾಲ್ಕು ಬೆರಳು ಜಾಗ ಬಿಡಿ. ಬಟ್ಟೆಗೆ ಬೂಷ್ಟು ಬರದಿರಲಿ ಎಂದು ಬೀರಿನಲ್ಲಿ ಬಲ್ಬ್ ಉರಿಸುತ್ತೇವಲ್ಲ, ಹಾಗೇ ಆ ಕೋಣೆಯಲ್ಲೂ ಒಂದು ಉರಿಯುತ್ತಿರಲಿ. ಎಲ್.ಇ.ಡಿ ಬೇಡ, ಅದು ಅಷ್ಟು ಬಿಸಿ ಕೊಡುವುದಿಲ್ಲ. ಹಳೇ ತಂತಿಯ ಬಲ್ಬೇ ಆಗಬೇಕು.