ಸ್ವಾಮೀಜಿಗಳು ರಾಜಕೀಯ ಮಾತನಾಡಬಹುದೇ?

ನೀವು ಕೇಳಿದ್ದು ಇಷ್ಟು: ಸ್ವಾಮೀಜಿಗಳು, ಪಾದ್ರಿಗಳು, ಮೌಲ್ವಿಗಳು ರಾಜಕೀಯದ ಬಗ್ಗೆ ಬಾಯಿ ಬಿಡಬಾರದೆಂಬ ಕಾನೂನು ಬೇಡವೇ? ಅಮೆರಿಕದಲ್ಲಿ ಚರ್ಚ್ ಬೇರೆ, ಸರ್ಕಾರ ಬೇರೆ ಎಂದಿರುವಂತೆ ನಮ್ಮಲ್ಲೇಕೆ ಇಲ್ಲ?

ನಾನು ಜಗಳೂರು ತಾಲ್ಲೂಕಿನಲ್ಲಿ ಹುಟ್ಟಿ ದಾವಣಗೆರೆಯಲ್ಲಿ ನೆಲೆ ನಿಂತವನು. ಇಲ್ಲಿಂದ ಒಂದು, ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತರೆ ಸಿರಿಗೆರೆ, ಚಿತ್ರದುರ್ಗ, ಹರಿಹರ, ರಾಜನಹಳ್ಳಿ, ಎಲ್ಲೆಡೆಯೂ ಮಠಗಳೇ. ಬಾಯಿ ಮುಚ್ಚಿಸುವ ಕಾನೂನು ನನಗೆ ಬೇಡ. ಸ್ವಾಮೀಜಿ ಏನನ್ನು ಕೇಳುತ್ತಿದ್ದಾರೆ, ಯಾರಿಗಾಗಿ ಕೇಳುತ್ತಿದ್ದಾರೆ ಎಂಬುದನ್ನು ಮಾತ್ರ ನಾವು ಕಣ್ಣಿಟ್ಟು ನೋಡಬೇಕು.

ನಮ್ಮೂರ ಕೆರೆಯನ್ನೇ ತೆಗೆದುಕೊಳ್ಳಿ. ನನ್ನ ಬಾಲ್ಯದಲ್ಲಿ ಅದರೊಳಗೆ ಇದ್ದದ್ದು ಬಳ್ಳಾರಿ ಜಾಲಿ ಮತ್ತು ಕುರಿ ಹಿಂಡು. ಬೋರ್‌ವೆಲ್ ಕೊರೆಸಿ ಸಾಲ ತೀರಿಸಲಾಗದೆ ಹೊಲ ಮಾರಿದವರು ನಮ್ಮ ಓಣಿಯಲ್ಲೇ ಇದ್ದರು. ಜಗಳೂರು ಭಾಗದ 57 ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆಗಾಗಿ ಸಿರಿಗೆರೆ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಸರ್ಕಾರದ ಬೆನ್ನು ಬಿಡಲಿಲ್ಲ. ಮುಖ್ಯಮಂತ್ರಿಗಳು ಬದಲಾದರು, ಒತ್ತಾಯ ಬದಲಾಗಲಿಲ್ಲ. ನೀರು ಬಂದ ದಿನ ಅಮ್ಮ ಏರಿಯಿಂದ ಇಳಿದು, ಕೆಸರಿನಲ್ಲಿ ಕಾಲೂರಿ ನಿಂತು ಬೊಗಸೆ ನೀರನ್ನು ತಲೆಯ ಮೇಲೆ ಸುರಿದುಕೊಂಡರು. ನಮ್ಮ ಮನೆಯವರು ಆ ಮಠಕ್ಕೆ ನಡೆದುಕೊಳ್ಳುವವರಲ್ಲ. ಆದರೂ ಆ ನೀರು ನಮ್ಮ ಹೊಲದ ಬೋರ್‌ವೆಲ್‌ಗೂ ಜೀವ ಕೊಟ್ಟಿತು. ನೀರಾವರಿಗೆ ಹಣ ಕೇಳುವುದು ರಾಜಕೀಯವಲ್ಲದೆ ಇನ್ನೇನು? ನೀವು ಹೇಳುವ ಕಾನೂನು ಇದ್ದಿದ್ದರೆ ಈ ಮಾತಿಗೂ ಬೀಗ ಬೀಳುತ್ತಿತ್ತು.

ಈಗ ಇನ್ನೊಂದು ಚಿತ್ರ. 2020ರ ಜನವರಿಯಲ್ಲಿ ಹರಿಹರದ ಹರ ಜಾತ್ರೆ. ವೇದಿಕೆಯ ಮೇಲೆ ಮುಖ್ಯಮಂತ್ರಿ ಯಡಿಯೂರಪ್ಪ. ಪಂಚಮಸಾಲಿ ಪೀಠದ ವಚನಾನಂದ ಸ್ವಾಮೀಜಿ, ತಮ್ಮ ಸಮಾಜದ ಶಾಸಕ ಮುರುಗೇಶ್ ನಿರಾಣಿ ಅವರನ್ನು ಸಚಿವರನ್ನಾಗಿ ಮಾಡಬೇಕು, ಇಲ್ಲದಿದ್ದರೆ ಸಮಾಜ ಕೈಬಿಡುತ್ತದೆ ಎಂದರು. ಯಡಿಯೂರಪ್ಪ ಸಿಟ್ಟಿನಿಂದ ಕುರ್ಚಿ ಬಿಟ್ಟೆದ್ದರು. ಟಿವಿಯಲ್ಲಿ ಅದನ್ನು ನೋಡುತ್ತಾ ನನಗೆ ನೋವಾದದ್ದು ಮುಖ್ಯಮಂತ್ರಿಯ ಸಿಟ್ಟಿಗಲ್ಲ. ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಬಂದ ಸಾವಿರಾರು ಜನರ ಮತವನ್ನು ಅವರನ್ನೇ ಕೇಳದೆ ತಕ್ಕಡಿಗೆ ಹಾಕಿದ್ದಕ್ಕೆ. ಕೆರೆಗೆ ನೀರು ಕೇಳಿದಾಗ ಊರು ಪಡೆಯುತ್ತದೆ. ಒಬ್ಬರಿಗೆ ಖಾತೆ ಕೇಳಿದಾಗ ಊರೇ ಅಡವಾಗುತ್ತದೆ.

ಎಲ್ಲವೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ, ಒಪ್ಪುತ್ತೇನೆ. ರಾಜನಹಳ್ಳಿ ವಾಲ್ಮೀಕಿ ಗುರುಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಆ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯದನ್ನು ಶೇ 15ರಿಂದ 17ಕ್ಕೆ ಏರಿಸಿತು. ತಮ್ಮ ಸಮುದಾಯಕ್ಕಾಗಿ ಕೇಳಿದರಲ್ಲ ಎನ್ನಬಹುದು. ಕೇಳಲಿ. ವಿಧಾನಸೌಧದ ಒಳಗೆ ದನಿ ಕಡಿಮೆ ಇರುವವರಿಗೆ ಮಠವೇ ದನಿಯಾದರೆ ಅದರಲ್ಲಿ ತಪ್ಪೇನಿದೆ? ಬೀದಿಯಲ್ಲಿ, ಎಲ್ಲರ ಕಣ್ಣೆದುರು, ಓದುವ ಮಕ್ಕಳಿಗಾಗಿ ಕೇಳಿದರು.

ಅಮೆರಿಕದ ಮಾತಿಗೆ ಬರುತ್ತೇನೆ. ಅಲ್ಲಿನ ಸಂವಿಧಾನದ 1791ರ ಮೊದಲ ತಿದ್ದುಪಡಿ ಕಟ್ಟಿಹಾಕಿದ್ದು ಸರ್ಕಾರವನ್ನು: ಅದು ಯಾವ ಧರ್ಮವನ್ನೂ ಅಧಿಕೃತವಾಗಿ ಸ್ಥಾಪಿಸಬಾರದು, ಯಾರ ಆಚರಣೆಗೂ ಅಡ್ಡ ಬರಬಾರದು. ಪಾದ್ರಿಗಳ ಬಾಯಿಗೆ ಅದು ಬೀಗ ಹಾಕಲಿಲ್ಲ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿಯೇ ಆಗಿದ್ದರು. ಅಭ್ಯರ್ಥಿಯ ಪರ ಪ್ರಚಾರದ ವಿಷಯವೇ ಬೇರೆ. ತೆರಿಗೆ ವಿನಾಯಿತಿ ಪಡೆಯುವ ಚರ್ಚುಗಳು ಅದನ್ನು ಮಾಡದಂತೆ ತಡೆದದ್ದು 1954ರ ಇನ್ನೊಂದು ಕಾನೂನು.

ನಮ್ಮದು ಧರ್ಮ, ಸರ್ಕಾರಗಳ ನಡುವೆ ಗೋಡೆ ಕಟ್ಟುವ ದಾರಿಯಲ್ಲ. ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಸುವ ಅಧಿಕಾರವನ್ನು ಸಂವಿಧಾನದ 25ನೇ ವಿಧಿಯೇ ಸರ್ಕಾರಕ್ಕೆ ಕೊಟ್ಟಿದೆ. ಎತ್ತರದ ಗೋಡೆ ಕಟ್ಟಿದ್ದರೆ ಗುಡಿಯ ಬಾಗಿಲಲ್ಲಿ ತಡೆದು ನಿಲ್ಲಿಸಿದವರ ಪರ ಸರ್ಕಾರ ಒಳಗೆ ಬರುವಂತೆಯೇ ಇರುತ್ತಿರಲಿಲ್ಲ. ಹಾಗೆಂದು ನಮ್ಮಲ್ಲಿ ಗೆರೆಗಳೇ ಇಲ್ಲವೆಂದಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಪ್ರಕಾರ ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಹಿಡಿದು ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ 4:3 ಬಹುಮತದಿಂದ ಹೇಳಿತು. ಧಾರ್ಮಿಕ ಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ತಡೆಯಲು 1988ರ ಪ್ರತ್ಯೇಕ ಕಾಯ್ದೆಯೇ ಇದೆ. ಇಷ್ಟು ಕಾನೂನು ಸಾಕು, ಜಾರಿಗೆ ತರುವ ಧೈರ್ಯ ಬೇಕು.

ನನ್ನ ದೊಡ್ಡ ಚಿಂತೆ ಅನುದಾನದ್ದು. ಮುಂಗಡಪತ್ರದಲ್ಲಿ ಮಠಗಳಿಗೆ ಕೋಟಿಗಟ್ಟಲೆ ಹಣ ಬರುವುದನ್ನು ನಾವು ಕಂಡಿದ್ದೇವೆ. ಹಾಸ್ಟೆಲ್ ಮಕ್ಕಳ ಊಟಕ್ಕೆ ಲೆಕ್ಕ ಪಡೆದು ಕೊಡಲಿ, ನಾನೂ ಒಂದು ಮಠದ ಪ್ರಸಾದ ನಿಲಯದ ಮುದ್ದೆ ಉಂಡೇ ಪಿಯುಸಿ ಮುಗಿಸಿದವನು. ಆದರೆ ಇಂದು ಭವನ ಕಟ್ಟಲು ಸರ್ಕಾರದ ಚೆಕ್ ಪಡೆದವರು ನಾಳೆ ಅದೇ ಸರ್ಕಾರಕ್ಕೆ ನಿಷ್ಠುರ ಹೇಗೆ ಆಡುತ್ತಾರೆ? ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಲೇ ಅವನ ಆಳ್ವಿಕೆಯಲ್ಲಿ ಜಾತಿ ವ್ಯವಸ್ಥೆಗೆ ಎದುರು ನಿಂತವರು. ಅವರ ಫೋಟೊ ನಮ್ಮ ಕಡೆಯ ಎಷ್ಟೋ ಮಠಗಳ ಗೋಡೆಯ ಮೇಲಿದೆ.

ಕೊನೆಗೆ, ಕಟ್ಟಾ ಭಕ್ತರು ಏನು ಮಾಡಬೇಕು ಎಂದೂ ಕೇಳಿದ್ದೀರಿ. 2013ರ ವಿಧಾನಸಭಾ ಚುನಾವಣೆಯ ಹೊತ್ತಿಗೆ, ನಮ್ಮ ಮನೆತನ ನಡೆದುಕೊಳ್ಳುವ ಮಠದ ಕಡೆಯಿಂದ ಒಬ್ಬ ಹುಡುಗ ಬಂದ. ವಿಭೂತಿ ಗಟ್ಟಿ, ಕಲ್ಲುಸಕ್ಕರೆ, ಜೊತೆಗೆ ಅಭ್ಯರ್ಥಿಯ ಫೋಟೊ ಇದ್ದ ಕರಪತ್ರ. “ಬುದ್ಧಿಯವರ ಅಪ್ಪಣೆಯಾಗಿದೆ ದೊಡ್ಡಪ್ಪ” ಎಂದ. ಅಪ್ಪ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎದ್ದು ಕೈ ತೊಳೆದು ಬಂದರು. ವಿಭೂತಿಯನ್ನು ಕಣ್ಣಿಗೊತ್ತಿಕೊಂಡು ಹಣೆಗೆ ಹಚ್ಚಿಕೊಂಡರು. “ಇದು ಮಠದ್ದು, ನನಗಿರಲಿ. ಅದು ಅವರದ್ದು, ತೆಗೆದುಕೊಂಡು ಹೋಗಪ್ಪ” ಎಂದು ಕರಪತ್ರವನ್ನು ಅವನ ಜೇಬಿಗೇ ಮಡಚಿಟ್ಟರು. ಆ ವರ್ಷ ಜಾತ್ರೆಯ ಆಹ್ವಾನ ಪತ್ರಿಕೆ ನಮ್ಮ ಮನೆಗೆ ಬರಲಿಲ್ಲ. ಅಪ್ಪ ಕರೆಯದೆಯೇ ಹೋಗಿ ತೇರಿಗೆ ಬಾಳೆಹಣ್ಣು ಎಸೆದು ಬಂದರು.

ಆಗ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇರಲಿಲ್ಲ. ಈಗ ನೀತಿ ಸಂಹಿತೆ ಜಾರಿಯಲ್ಲಿರುವಾಗ ಗುಡಿ, ಮಸೀದಿ, ಚರ್ಚಿನ ಅಂಗಳದಲ್ಲಿ ಮತಯಾಚನೆ ಕಂಡರೆ ಅದರಲ್ಲೇ ಫೋಟೊ ಅಥವಾ ವಿಡಿಯೊ ತೆಗೆದು ಕಳುಹಿಸಿ. ಹೆಸರು ಕೊಡಬೇಕಾಗಿಲ್ಲ, 100 ನಿಮಿಷಗಳೊಳಗೆ ಕ್ರಮದ ಮಾಹಿತಿ ಕೊಡಬೇಕೆಂಬ ನಿಯಮವಿದೆ.