ಎರವಲು ಎಲ್ಲಿಗೆ ಮುಗಿಯಿತು, ಕಳವು ಎಲ್ಲಿ ಶುರುವಾಯಿತು?

ಫ್ಯಾಂಟಸಿ ವಿಡಿಯೊ ಗೇಮ್‌ಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ಪಾಲ್‌ವರ್ಲ್ಡ್’ನ ಪ್ರಾಣಿಗಳು ಪೋಕೆಮಾನ್‌ನ ಒಡಹುಟ್ಟಿದವರಂತೆ ಕಾಣುತ್ತವೆ. ಹಾಗಿದ್ದೂ ನಿಂಟೆಂಡೊ ‘ಚಿತ್ರ ಕದ್ದಿದ್ದಾರೆ’ ಎನ್ನದೆ ಪೇಟೆಂಟ್ ಕೇಸು ಹಾಕಿದ್ದು ಯಾಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡು ಚಿತ್ರ ಹೋಲುತ್ತವೆ ಎನ್ನುವುದು ಬೇರೆ, ಅದು ನಕಲೇ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವುದು ಬೇರೆ. ಕೃತಿಸ್ವಾಮ್ಯದ ಕೇಸಿನಲ್ಲಿ ನಮ್ಮ ಇಂಥ ಪಾತ್ರದ ಇಂಥ ಚಿತ್ರಣವನ್ನೇ ಎತ್ತಿಕೊಂಡಿದ್ದಾರೆ ಎಂದು ಒಂದೊಂದಾಗಿ ತೋರಿಸಬೇಕು. ದುಂಡು ಕಣ್ಣು, ಹಳದಿ ಮೈ, ಚೂಪು ಕಿವಿ ಯಾರೊಬ್ಬರ ಸ್ವತ್ತೂ ಅಲ್ಲ. ಪೇಟೆಂಟ್ ಕೇಸಿನಲ್ಲಾದರೆ ರೂಪದ ಮಾತೇ ಬರುವುದಿಲ್ಲ. ಪೇಟೆಂಟ್ ಪತ್ರದಲ್ಲಿ ಬರೆದ ಹಂತಗಳು ಒಂದೂ ಬಿಡದೆ ಎದುರಿನವರ ಆಟದಲ್ಲಿ ನಡೆಯುತ್ತವೆಯೇ ಎಂದಷ್ಟೇ ನೋಡುತ್ತಾರೆ.

ಪಾಲ್‌ವರ್ಲ್ಡ್ ಬಂದದ್ದು 2024ರ ಜನವರಿ 19ರಂದು. ಅದೇ ವರ್ಷ ಸೆಪ್ಟೆಂಬರ್ 18ರಂದು ನಿಂಟೆಂಡೊ ಮತ್ತು ಪೋಕೆಮಾನ್ ಕಂಪನಿ ಟೋಕಿಯೊ ಜಿಲ್ಲಾ ನ್ಯಾಯಾಲಯದಲ್ಲಿ ತಯಾರಕ ಸಂಸ್ಥೆ ಪಾಕೆಟ್‌ಪೇರ್ ಮೇಲೆ ದಾವೆ ಹೂಡಿದವು. ಮುಂದಿಟ್ಟದ್ದು ಮೂರು ಪೇಟೆಂಟ್. ಕೇಳಿದ ಪರಿಹಾರ ತಲಾ 50 ಲಕ್ಷ ಯೆನ್, ತಡವಾದದ್ದಕ್ಕೆ ಹೆಚ್ಚುವರಿ ಹಣ, ಜೊತೆಗೆ ತಡೆಯಾಜ್ಞೆ. ಈ ಮಟ್ಟದ ಕಂಪನಿಗಳಿಗೆ ಆ ದುಡ್ಡು ಲೆಕ್ಕಕ್ಕಿಲ್ಲ, ಭಯ ಇರುವುದು ತಡೆಯಾಜ್ಞೆಯದು. ಎರಡು ಪೇಟೆಂಟ್‌ಗಳು ಬಯಲಿನಲ್ಲಿ ಗುರಿಯಿಟ್ಟು ಏನನ್ನೋ ಎಸೆದು ಪ್ರಾಣಿಯನ್ನು ಹಿಡಿಯುವ ಅಥವಾ ಕಾಳಗಕ್ಕೆ ಬಿಡುವ ಕ್ರಮಕ್ಕೆ ಸಂಬಂಧಿಸಿದವು. ಮೂರನೆಯದು ಸವಾರಿಯ ಪ್ರಾಣಿಗಳನ್ನು ಬದಲಿಸುವ ಕ್ರಮಕ್ಕೆ.

ಮೂರೂ ನೋಂದಣಿಯಾದದ್ದು ಪಾಲ್‌ವರ್ಲ್ಡ್ ಬಿಡುಗಡೆಯಾದ ಮೇಲೆ ಎಂದರೆ ಹಲವರು ನಂಬುವುದಿಲ್ಲ. ಅವು 2021ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ಮೂಲ ಅರ್ಜಿಯಿಂದ ಕವಲೊಡೆದ ಅರ್ಜಿಗಳು. ಕವಲು ಅರ್ಜಿಗೆ ಮೂಲದ ದಿನಾಂಕವೇ ಸಿಗುತ್ತದೆ. ಹಾಗಾಗಿ ಎದುರಾಳಿಯ ಆಟವನ್ನು ನೋಡಿಕೊಂಡು, ಮೂಲ ಅರ್ಜಿಯಲ್ಲಿ ವಿವರಿಸಿದ್ದರ ಒಳಗೇ ಹೊಸ ಹಕ್ಕನ್ನು ಬರೆಸಿಕೊಳ್ಳಲು ದಾರಿ ಇದೆ. ಪಾಕೆಟ್‌ಪೇರ್ ಆರೋಪವನ್ನು ಒಪ್ಪಲಿಲ್ಲ, ಆದರೆ ಆಟವನ್ನು ತಿದ್ದಿತು. 2024ರ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಗೋಳ ಎಸೆದು ಪ್ರಾಣಿಯನ್ನು ಕರೆಯುವುದನ್ನು ತೆಗೆದು, ಆಟಗಾರನ ಪಕ್ಕದಲ್ಲೇ ಅದು ಬಂದು ನಿಲ್ಲುವ ಹಾಗೆ ಮಾಡಿದರು. 2025ರ ಮೇ ತಿಂಗಳಲ್ಲಿ, ಪ್ರಾಣಿಯನ್ನೇ ಹಿಡಿದು ತೇಲುವುದನ್ನು ಬಿಟ್ಟು ಗ್ಲೈಡರ್ ಬೇಕೆಂದು ಮಾಡಿದರು.

ಇಂಥ ಆಟದ ಕ್ರಮಗಳಿಗೆ 20 ವರ್ಷ ಬೇಲಿ ಹಾಕುವುದು ಈ ಕಲೆಗೆ ಕೇಡು ಎಂಬುದು ನಮ್ಮ ಖಚಿತ ಅಭಿಪ್ರಾಯ. 2014ರ ‘ಶ್ಯಾಡೊ ಆಫ್ ಮಾರ್ಡಾರ್’ ನೋಡಿ. ನಿಮ್ಮನ್ನು ಕೊಂದ ಓರ್ಕ್ (ರಾಕ್ಷಸ ಜಾತಿಯ ಸೈನಿಕ) ಅದನ್ನು ನೆನಪಿಟ್ಟುಕೊಂಡು, ಬಡ್ತಿ ಪಡೆದು, ಮುಂದಿನ ಬಾರಿ ಎದುರಾದಾಗ ಹಂಗಿಸುತ್ತಾನೆ. ಎಷ್ಟು ಒಳ್ಳೆಯ ಉಪಾಯ! ವಾರ್ನರ್ ಬ್ರದರ್ಸ್ ಅದಕ್ಕೆ 2021ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು, ಅವಧಿ 2036ರವರೆಗೆ. ಬೇರೆಯವರು ಅದನ್ನು ಬೆಳೆಸಬಹುದಿತ್ತು.

ನಮ್ಮಲ್ಲಿ ಪರಿಸ್ಥಿತಿ ಬೇರೆ. 1970ರ ಪೇಟೆಂಟ್ ಕಾಯಿದೆಯ ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನ ಆವಿಷ್ಕಾರವೇ ಅಲ್ಲ. ಆದರೆ ಬೆಂಗಳೂರಿನಲ್ಲಿ ಕೂತು ಮಾಡಿದ ಗೇಮನ್ನು ಜಪಾನಿನಲ್ಲಿ ಮಾರಿದರೆ ಅನ್ವಯಿಸುವುದು ಜಪಾನಿನ ಕಾನೂನು. ಯಾವ್ಯಾವ ದೇಶಗಳಲ್ಲಿ ಬಿಡುಗಡೆ ಎಂದು ಮೊದಲೇ ಪಟ್ಟಿ ಮಾಡಿಕೊಂಡು, ಆಟದ ಮುಖ್ಯ ಕ್ರಮಕ್ಕೆ ಅಲ್ಲಿ ಪೇಟೆಂಟ್ ಇದೆಯೇ ಎಂದು ಹುಡುಕಿಸಿ.

ಪ್ರಶ್ನೆ: ನನ್ನ ಆಟದಲ್ಲಿ ಎಲ್ಫ್, ಡ್ವಾರ್ಫ್, ಹಾಬಿಟ್, ಓರ್ಕ್‌ಗಳಿವೆ. ಯಾವುದಕ್ಕೆ ಅನುಮತಿ ಬೇಕು?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ಹಾಬಿಟ್ ತೆಗೆಯಿರಿ, ಉಳಿದವು ಇರಲಿ. ಎಲ್ಫ್ ಮತ್ತು ಡ್ವಾರ್ಫ್ ಉತ್ತರ ಯುರೋಪಿನ ಜನಪದದವು. ‘ದಿ ಹಾಬಿಟ್’, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಕೂಡ ತಮ್ಮ ಡ್ವಾರ್ಫ್‌ಗಳ ಹೆಸರುಗಳನ್ನು, ಗ್ಯಾಂಡಾಲ್ಫ್ ಹೆಸರನ್ನೂ ಸೇರಿಸಿ, ಹಳೆಯ ನಾರ್ಸ್ ಪದ್ಯದ ಪಟ್ಟಿಯೊಂದರಿಂದ ಎತ್ತಿಕೊಂಡವರೇ. ಆದರೆ ‘ಹಾಬಿಟ್’ ಟೋಲ್ಕಿನ್ ಕೃತಿಗಳ ಹಕ್ಕುದಾರರ ವ್ಯಾಪಾರ ಮುದ್ರೆ. 1974ರಲ್ಲಿ ಬಂದ, ಮೇಜಿನ ಸುತ್ತ ಕೂತು ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಹಾಬಿಟ್, ಎಂಟ್ (ನಡೆದಾಡುವ ಮರ), ಬ್ಯಾಲ್‌ರಾಗ್ (ಬೆಂಕಿಯ ದೈತ್ಯ) ಮೂರೂ ಇದ್ದವು. ಹಕ್ಕುದಾರರು ಎಚ್ಚರಿಸಿದ ಮೇಲೆ ಹಾಬಿಟ್ ಹೋಗಿ ಹಾಫ್ಲಿಂಗ್, ಎಂಟ್ ಹೋಗಿ ಟ್ರೀಯಂಟ್, ಬ್ಯಾಲ್‌ರಾಗ್ ಹೋಗಿ ಬ್ಯಾಲರ್ ಬಂದವು. ಓರ್ಕ್ ಉಳಿಯಿತು. ಇವತ್ತು ನೂರಾರು ಗೇಮ್‌ಗಳಲ್ಲಿ ಕಾಣುವ ‘ಹಾಫ್ಲಿಂಗ್’ ಪದದ ಚಲಾವಣೆಗೆ ಕಾರಣ ಇದೇ.

ಆಮೇಲೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದ ಕಂಪನಿಯೂ ತನ್ನ ಸುತ್ತ ಗೋಡೆ ಕಟ್ಟಿಕೊಂಡಿತು. ಒಂದು ದೊಡ್ಡ ಕಣ್ಣು, ತಲೆಯ ಮೇಲೆ ಕಾಂಡಗಳಂತೆ ಹಲವು ಕಣ್ಣುಗಳಿರುವ ‘ಬಿಹೋಲ್ಡರ್’ ಜನಪದದ್ದಲ್ಲ, ಅವರೇ ಹುಟ್ಟಿಸಿದ್ದು. 1987ರ ‘ಫೈನಲ್ ಫ್ಯಾಂಟಸಿ’ಯ ಜಪಾನಿ ಆವೃತ್ತಿಯಲ್ಲಿ ಅದೇ ಹೆಸರು, ಅದೇ ರೂಪ ಇತ್ತು. ಅಮೆರಿಕಕ್ಕೆ ಹೋಗುವಾಗ ಎರಡನ್ನೂ ಬದಲಿಸಬೇಕಾಯಿತು. ಮೈಂಡ್ ಫ್ಲೇಯರ್, ಡಿಸ್‌ಪ್ಲೇಸರ್ ಬೀಸ್ಟ್, ಗಿಥ್ಯಾಂಕಿ ಎಂಬ ಅವರ ಜೀವಿಗಳನ್ನೂ ಮುಟ್ಟಬೇಡಿ. ಬದಲಿಗೆ 2023ರ ಜನವರಿಯಲ್ಲಿ ಆ ಆಟದ ಈಗಿನ ಒಡೆಯ ಕಂಪನಿ ‘ಎಸ್‌ಆರ್‌ಡಿ 5.1’ ಎಂಬ ನಿಯಮ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ‘ಸಿಸಿ ಬಿವೈ 4.0’ ಎಂಬ ಮುಕ್ತ ಪರವಾನಗಿಯ ಅಡಿ ಬಿಟ್ಟುಕೊಟ್ಟಿದೆ. ಔಲ್‌ಬೇರ್, ಜೆಲ್ಯಾಟಿನಸ್ ಕ್ಯೂಬ್ ಎಂಬ ಜೀವಿಗಳು ಅದರಲ್ಲಿವೆ. ಮಾರಾಟದ ಆಟದಲ್ಲೂ ಬಳಸಬಹುದು. ಸಂಗ್ರಹದ ಆರಂಭದಲ್ಲಿ ಕೊಟ್ಟಿರುವ ಕೃತಜ್ಞತಾ ವಾಕ್ಯವನ್ನು ನಿಮ್ಮ ಆಟದ ಕ್ರೆಡಿಟ್ಸ್‌ನಲ್ಲಿ ಇದ್ದ ಹಾಗೇ ಹಾಕಬೇಕು. ಬಿಟ್ಟುಕೊಟ್ಟದ್ದು ಬರಹವನ್ನು ಮಾತ್ರ, ಅವರ ಪುಸ್ತಕಗಳ ಚಿತ್ರಗಳನ್ನಲ್ಲ. ಔಲ್‌ಬೇರ್ ಬೇಕಾದರೆ ನೀವೇ ಬರೆಯಿರಿ.

ಪ್ರಶ್ನೆ: ಎರಡು ಗೇಮ್‌ಗಳ ಮಾಡೆಲ್‌ಗಳನ್ನು ಒಂದರ ಮೇಲೊಂದಿಟ್ಟು ‘ನೋಡಿ, ಕದ್ದಿದ್ದಾರೆ’ ಎಂದು ಚಿತ್ರ ಹಾಕುತ್ತಾರೆ. ಇದನ್ನು ನಂಬಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಒಂದೇ ಚಿತ್ರ ತೋರಿಸಿದರೆ ನಂಬಬೇಡಿ. ಒಂದು ಮಾಡೆಲನ್ನು ಅಡ್ಡಡ್ಡ ಹಿಗ್ಗಿಸಿ, ಎತ್ತರ ಕುಗ್ಗಿಸಿ ಇನ್ನೊಂದಕ್ಕೆ ಕೂಡಿಸಿದರೆ ಯಾವ ನಾಲ್ಕು ಕಾಲಿನ ಪ್ರಾಣಿಯಾದರೂ ಇನ್ನೊಂದಕ್ಕೆ ಕೂತುಬಿಡುತ್ತದೆ. ಮೊದಲು ಕೇಳಬೇಕಾದ್ದು: ಮೂರೂ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ಅಳತೆ ಬದಲಿಸಿದ್ದಾರೆಯೇ? ಆಮೇಲೆ ಮಾಡೆಲಿನ ಮೈ ಕಟ್ಟಿರುವ ಸಣ್ಣ ಸಮತಲಗಳ ಸಂಖ್ಯೆ, ತ್ರಿಕೋನಗಳು ಹಾದುಹೋಗುವ ದಾರಿ, ಟೆಕ್ಸ್‌ಚರ್ (ಮೈಮೇಲೆ ಹೊದಿಸುವ ಚಿತ್ರ) ಬಿಡಿಸಿಟ್ಟ ಯುವಿ ನಕ್ಷೆ ನೋಡಿ. ಇಬ್ಬರು ಕಲಾವಿದರು ಒಂದೇ ತೋಳ ಮಾಡಬಹುದು, ಆದರೆ ಅದರ ಚರ್ಮವನ್ನು ಒಂದೇ ಗೆರೆಯಲ್ಲಿ ಕತ್ತರಿಸಿ ಒಂದೇ ಮೂಲೆಯಲ್ಲಿ ಹರಡುವುದಿಲ್ಲ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ತಪ್ಪುಗಳು. ಮೂಲದಲ್ಲಿ ಅಕಸ್ಮಾತ್ ಉಳಿದ ಒಂಟಿ ಬಿಂದು, ಹೊಲಿಗೆ ತಪ್ಪಿದ ಟೆಕ್ಸ್‌ಚರ್ ನಕಲಿನಲ್ಲೂ ಅದೇ ಜಾಗದಲ್ಲಿದ್ದರೆ ಬೇರೆ ವಿವರಣೆ ಸಿಗುವುದು ಕಷ್ಟ.

ಚಪ್ಪಟೆ ಚಿತ್ರವಾದರೆ ಕೆಲಸ ಸುಲಭ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡನ್ನೂ ಎರಡು ಪದರವಾಗಿ ತೆರೆದು, ಗಾತ್ರ ಹೊಂದಿಸಿ, ಮೇಲಿನ ಪದರವನ್ನು ‘ಡಿಫರೆನ್ಸ್’ ವಿಧಾನಕ್ಕೆ ಹಾಕಿ. ಒಂದೇ ಆಗಿರುವ ಜಾಗ ಕಪ್ಪಾಗುತ್ತದೆ. ಆಗದಿದ್ದರೆ ಎಡಬಲ ತಿರುಗಿಸಿ ಮತ್ತೊಮ್ಮೆ ನೋಡಿ, ಕನ್ನಡಿ ಬಿಂಬ ಮಾಡಿ ಕದಿಯುವುದು ಹಳೆಯ ಚಾಳಿ.

ನಿಜವಾದ ಕಳವು ಹೇಗಿರುತ್ತದೆ ಎಂದು ತಿಳಿಯಲು ‘ಲಿಂಬೊ ಆಫ್ ದಿ ಲಾಸ್ಟ್’ ಸಾಕು. ಆ ಸಾಹಸ ಗೇಮ್‌ನ ಹಿನ್ನೆಲೆಗಳು ‘ಒಬ್ಲಿವಿಯನ್’, ‘ಥೀಫ್: ಡೆಡ್ಲಿ ಶ್ಯಾಡೋಸ್’ ಮುಂತಾದ ಗೇಮ್‌ಗಳಿಂದ ಬಂದವು ಎಂದು 2008ರಲ್ಲಿ ಗೊತ್ತಾಯಿತು. ಕೊಠಡಿ, ದೀಪ, ಗೋಡೆಯ ಕಲ್ಲು ಎಲ್ಲವೂ ಅಲ್ಲಲ್ಲೇ. ಅಮೆರಿಕದ ಪ್ರಕಾಶಕರು ಜೂನ್‌ನಲ್ಲೇ ಮಾರಾಟ ನಿಲ್ಲಿಸಿದರು. ಅಲ್ಲಿ ‘ಪ್ರೇರಣೆ’ ಎಂಬ ವಾದಕ್ಕೆ ಜಾಗವೇ ಇರಲಿಲ್ಲ.

ಪ್ರಶ್ನೆ: ನಮ್ಮ ಪಜಲ್ ಗೇಮನ್ನು ಹೆಸರು ಬದಲಿಸಿ ಇನ್ನೊಬ್ಬರು ಸ್ಟೋರ್‌ಗೆ ಹಾಕಿದ್ದಾರೆ. ಏನು ಮಾಡಬೇಕು?
– ಇಬ್ಬರು ಡೆವಲಪರ್‌ಗಳು, ಬೆಂಗಳೂರು

ಉತ್ತರ: ನಿಯಮ ಮಾತ್ರ ಒಂದೇ ಆಗಿದ್ದರೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಕೋಲ್ಕತ್ತದ ಸಹೋದರರ ‘ಸ್ಕ್ರ್ಯಾಬ್ಯುಲಸ್’ ಕೇಸಿನಲ್ಲಿ 2008ರಲ್ಲಿ ದೆಹಲಿ ಹೈಕೋರ್ಟ್, ಸ್ಕ್ರ್ಯಾಬಲ್‌ನ ಹಲಗೆ ಮತ್ತು ನಿಯಮಗಳ ಮೇಲೆ ಕೃತಿಸ್ವಾಮ್ಯದ ತಡೆ ಕೊಡಲಿಲ್ಲ. ಹೆಸರಿನ ಮೇಲೆ ಕೊಟ್ಟಿತು. ಅವರು ‘ಲೆಕ್ಸ್ಯುಲಸ್’ ಎಂದು ಹೆಸರು ಬದಲಿಸಿ ಆಟ ಮುಂದುವರಿಸಿದರು.

ನಿಯಮದ ಜೊತೆ ಉಡುಗೆಯನ್ನೂ ಎತ್ತಿದ್ದರೆ ಮಾತು ಬೇರೆ. ‘ಟ್ರಿಪಲ್ ಟೌನ್’ನ ಹುಲ್ಲು, ಪೊದೆ, ಮರ ಎಂದು ಒಂದರಿಂದ ಇನ್ನೊಂದು ಬೆಳೆಯುವ ಏಣಿಯಂಥದ್ದನ್ನೇ ಇಟ್ಟು, ಕರಡಿಗಳ ಜಾಗದಲ್ಲಿ ಯೇತಿ ನಿಲ್ಲಿಸಿ ‘ಯೇತಿ ಟೌನ್’ ತಂದಾಗ, ಅಮೆರಿಕದ ಕೋರ್ಟ್ 2012ರಲ್ಲಿ ಆ ಕೇಸನ್ನು ಆರಂಭದಲ್ಲೇ ತಳ್ಳಿಹಾಕಲು ಒಪ್ಪಲಿಲ್ಲ. ಕೊನೆಗೆ ರಾಜಿಯಾಗಿ ಯೇತಿ ಟೌನ್‌ನ ಹಕ್ಕೇ ಟ್ರಿಪಲ್ ಟೌನ್ ಮಾಡಿದವರಿಗೆ ಬಂತು. ಅದೇ ವರ್ಷ ‘ಟೆಟ್ರಿಸ್’ನ ತದ್ರೂಪಾದ ‘ಮಿನೊ’ ಸೋತಿತು. ನಿಯಮ ಯಾರ ಸ್ವತ್ತೂ ಅಲ್ಲವಾದರೂ 20 ಸಾಲು 10 ಕಂಬದ ಅಂಕಣ, ತುಂಡುಗಳ ಆಕಾರ, ಬೀಳುವ ಜಾಗ ತೋರಿಸುವ ನೆರಳು ಇವೆಲ್ಲ ಒಟ್ಟಾಗಿ ಅಭಿವ್ಯಕ್ತಿ ಎಂದಿತು ಕೋರ್ಟ್.

ಆದ್ದರಿಂದ ದೂರಿನಲ್ಲಿ ‘ನಮ್ಮ ಐಡಿಯಾ ಕದ್ದರು’ ಎಂದು ಬರೆಯಲೇಬೇಡಿ. ಐಕಾನ್, ಸಂಭಾಷಣೆ, ಸಂಗೀತ, ಪರದೆಯ ವಿನ್ಯಾಸ ಹೀಗೆ ಒಂದೊಂದನ್ನೂ ಅಕ್ಕಪಕ್ಕ ಇಟ್ಟು ಸ್ಕ್ರೀನ್‌ಶಾಟ್ ತೆಗೆಯಿರಿ. ಕೋಡಿನ ಬದಲಾವಣೆಗಳ ಗಿಟ್ ದಾಖಲೆ, ಕಲಾವಿದರ ಪದರಗಳಿರುವ ಮೂಲ ಕಡತ, ನಿಮ್ಮ ಆಟ ಮೊದಲು ಪ್ರಕಟವಾದ ದಿನಾಂಕ ಜೊತೆಗಿರಲಿ. ನಮ್ಮ ಕೃತಿಸ್ವಾಮ್ಯ ನಿಯಮಗಳಂತೆ ದೂರು ತಲುಪಿದ 36 ಗಂಟೆಯೊಳಗೆ ಜಾಲತಾಣ ಅದನ್ನು ತಡೆಯಬೇಕು. 21 ದಿನದೊಳಗೆ ಕೋರ್ಟ್ ಆದೇಶ ತಾರದಿದ್ದರೆ ಅವರು ಮತ್ತೆ ಹಾಕಬಹುದು. ಅಮೆರಿಕದ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆ ಡಿಎಂಸಿಎ ದಾರಿಯಲ್ಲಿ ಎದುರಿನವರು ಪ್ರತಿನೋಟಿಸ್ ಕೊಟ್ಟರೆ, ನೀವು ಕೇಸು ಹಾಕದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಆಟ ವಾಪಸು ಬರುತ್ತದೆ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ನಷ್ಟ ಕಟ್ಟಿಕೊಡಬೇಕಾದವರು ನೀವೇ.

ಅದಕ್ಕೂ ಮೊದಲು ಒಂದನ್ನು ನೋಡಿಕೊಳ್ಳಿ. ಹೊರಗಿನ ಕಲಾವಿದರಿಂದ ಚಿತ್ರ, ಸಂಗೀತ ಮಾಡಿಸಿದ್ದರೆ ಹಕ್ಕು ವರ್ಗಾವಣೆ ಬರಹದಲ್ಲಿದೆಯೇ? ನಮ್ಮ ಕೃತಿಸ್ವಾಮ್ಯ ಕಾಯಿದೆಯ ಸೆಕ್ಷನ್ 19ರ ಪ್ರಕಾರ ಪತ್ರದಲ್ಲಿ ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮುಗಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ. ಇಡೀ ಜಗತ್ತಿನಲ್ಲಿ ಮಾರುವ ಗೇಮ್‌ಗೆ ಇದು ದೊಡ್ಡ ತೂತು.

ಪ್ರಶ್ನೆ: ಗದುಗಿನ ಭಾರತದ ಪದ್ಯಗಳನ್ನು ಗೇಮ್‌ನಲ್ಲಿ ಹಾಡಿಸಬಹುದೇ? ಕುವೆಂಪು ರಾಮಾಯಣವನ್ನು?
– ಓದುಗರೊಬ್ಬರು, ಗದಗ

ಉತ್ತರ: ಕುಮಾರವ್ಯಾಸನ ಪದ್ಯಗಳಿಗೆ ಯಾರ ಅನುಮತಿಯೂ ಬೇಡ. ಆದರೆ ಈಗಿನ ಸಂಪಾದಕರ ಗದ್ಯಾನುವಾದ, ಟಿಪ್ಪಣಿ, ಪುಸ್ತಕದ ಚಿತ್ರ, ಗಮಕಿಯೊಬ್ಬರ ಧ್ವನಿಮುದ್ರಣ ಇವಕ್ಕೆಲ್ಲ ಪ್ರತ್ಯೇಕ ಹಕ್ಕುದಾರರಿರುತ್ತಾರೆ. ಪದ್ಯವನ್ನು ಹೊಸದಾಗಿ ಹಾಡಿಸಿ, ಹಾಡಿದವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಮರುವರ್ಷದ ಆರಂಭದಿಂದ 60 ವರ್ಷ ಎಣಿಸಿದರೆ 2054ರ ಕೊನೆಯವರೆಗೆ ಅವರ ಸಾಲುಗಳಿಗೆ ಹಕ್ಕುದಾರರ ಅನುಮತಿ ಬೇಕು.