ಸಸೂನ್ ಡಾಕ್‌ನಲ್ಲಿ ಒಂದು ವರ್ಷ ಅಳೆದ ಸಿಗಡಿಯಿಂದ ‘ಅತಿಯಾದ ಮೀನುಗಾರಿಕೆ’ ಎಂದು ತೀರ್ಮಾನಿಸಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ನೀವು ಅಂಕೋಲೆಯವರು, ಮುಂಬೈಯಲ್ಲಿ ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ಒಂದು ವರ್ಷ ಅಲ್ಲಿನ ಮೀನು ಬಂದರಾದ ಸಸೂನ್ ಡಾಕ್‌ಗೆ ಹೋಗಿ ಕರಿಕ್ಕಾಡಿ ಸಿಗಡಿಯ ಉದ್ದ ಅಳೆದಿದ್ದೀರಿ. ಲೆಕ್ಕದ ಕೊನೆಯಲ್ಲಿ ಕಂಪ್ಯೂಟರ್ 0.6 ಎಂಬ ಅನುಪಾತ ಕೊಟ್ಟಿದೆ. 0.5 ದಾಟಿದರೆ ಅತಿಯಾದ ಮೀನುಗಾರಿಕೆ ಎಂದು ಪಠ್ಯದಲ್ಲಿದೆ, ಹಾಗೆಯೇ ಬರೆಯಲೇ ಎಂದು ಕೇಳಿದ್ದೀರಿ.

ಈಗಲೇ ಬರೆಯಬೇಡಿ. ಮುಂಬೈಯಲ್ಲಿ ಕುಳಿತು ಇದೇ ಲೆಕ್ಕಗಳನ್ನು ಮಾಡುವವನಾಗಿ ಹೇಳುತ್ತಿದ್ದೇನೆ: ಆ 0.6ರಲ್ಲಿ ಅರ್ಧ ಮಾತ್ರ ನಿಮ್ಮ ಅಳತೆಯಿಂದ ಬಂದದ್ದು.

ಆ ಅನುಪಾತವೆಂದರೆ ಸತ್ತ ಸಿಗಡಿಗಳಲ್ಲಿ ಬಲೆಗೆ ಬಿದ್ದು ಸತ್ತವುಗಳ ಪಾಲು. ಒಟ್ಟು ಸಾವಿನ ದರ ನಿಮ್ಮ ಉದ್ದದ ಅಂಕಿಗಳಿಂದ ಸಿಗುತ್ತದೆ. ದೊಡ್ಡ ಗಾತ್ರದವು ಎಷ್ಟು ಬೇಗ ವಿರಳವಾಗುತ್ತವೆ ಎಂಬುದೇ ಅದಕ್ಕೆ ಆಧಾರ. ಅದು ವರ್ಷಕ್ಕೆ 5 ಎಂದಿಟ್ಟುಕೊಳ್ಳಿ (ಇದು ಶೇಕಡಾ ಲೆಕ್ಕವಲ್ಲ, ಕ್ಷಣಕ್ಷಣದ ದರ, ಹಾಗಾಗಿ 1ನ್ನು ಮೀರಬಹುದು). ಸಹಜ ಸಾವಿನ ದರ, ಅಂದರೆ ಬೇರೆ ಮೀನುಗಳ ಬಾಯಿಗೆ ಬಿದ್ದು, ರೋಗ ಬಂದು, ವಯಸ್ಸಾಗಿ ಸಾಯುವುದು, 2 ಎಂದು ಹಿಡಿದರೆ ಬಲೆಯ ಪಾಲು 3, ಅನುಪಾತ 0.6. ಅದೇ ಸಹಜ ಸಾವು 3 ಎಂದಾದರೆ ಬಲೆಯ ಪಾಲು 2, ಅನುಪಾತ 0.4. ಸಮುದ್ರದಲ್ಲಿ ಒಂದು ಸಿಗಡಿಯೂ ಹೆಚ್ಚು ಕಡಿಮೆಯಾಗಿಲ್ಲ, ನಿಮ್ಮ ಅಳತೆಪಟ್ಟಿಯೂ ಬದಲಾಗಿಲ್ಲ. ತೀರ್ಪು ಮಾತ್ರ ತಲೆಕೆಳಗಾಯಿತು. ಮೀನುಗಾರರ ದುಡಿಮೆಯನ್ನು ಕಟ್ಟಿಹಾಕಬಲ್ಲ ತೀರ್ಪು ಅದು.

ಆ 2 ಎಲ್ಲಿಂದ ಬಂತು? ಬಹುಪಾಲು ಪ್ರಬಂಧಗಳಲ್ಲಿ ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪೌಲಿಯವರ 1980ರ ಸೂತ್ರದಿಂದ. ಗರಿಷ್ಠ ಉದ್ದ, ಬೆಳವಣಿಗೆಯ ವೇಗ, ನೀರಿನ ಉಷ್ಣತೆ ಕೊಟ್ಟರೆ ಅದು ಸಹಜ ಸಾವಿನ ಅಂದಾಜು ಕೊಡುತ್ತದೆ. ಆದರೆ ಆ ಸೂತ್ರ ಹುಟ್ಟಿದ್ದು 175 ಮೀನು ಸಂತತಿಗಳ ಅಂಕಿಗಳಿಂದ, ಸಿಗಡಿಗಳಿಂದಲ್ಲ. ಬೇರೆ ದಾರಿಯಿಲ್ಲದಾಗ ಅದನ್ನು ಬಳಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಅದು ಕೊಟ್ಟ ಒಂದೇ ಸಂಖ್ಯೆಯನ್ನು ಸಮುದ್ರದ ಸತ್ಯವೆಂದು ಹಿಡಿಯುವುದನ್ನು ಆಕ್ಷೇಪಿಸುತ್ತೇನೆ. ಮುಂಬೈ ಕಡಲಿನಲ್ಲಿ ಬೊಂಬಿಲ್ (ಬಾಂಬೆ ಡಕ್) ಸಿಗಡಿಗಳನ್ನೂ ತಿನ್ನುವ ಮೀನು. ಬೊಂಬಿಲ್ ಹೇರಳವಾದ ವರ್ಷಕ್ಕೂ ಕೊರತೆಯ ವರ್ಷಕ್ಕೂ ಸಿಗಡಿಯ ಸಹಜ ಸಾವು ಒಂದೇ ಆಗಿರುತ್ತದೆ ಎಂದು ನಂಬಲು ಕಾರಣವಿಲ್ಲ.

ಹಾಗಾದರೆ ವಯಸ್ಸನ್ನು ನೇರವಾಗಿ ಏಕೆ ಓದಬಾರದು? ಮೀನಿನ ಕಿವಿಗಲ್ಲಿನಲ್ಲಿ ವರ್ಷದ ಉಂಗುರಗಳಿರುತ್ತವೆ. ಸಿಗಡಿ ಬೆಳೆಯುವಾಗಲೆಲ್ಲ ಹೊರಚಿಪ್ಪನ್ನೇ ಕಳಚಿ ಎಸೆಯುತ್ತದೆ, ಹುಟ್ಟಿದ ದಿನದ ದಾಖಲೆಯೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದಲೇ ನಾವೆಲ್ಲ ಉದ್ದದ ಗುಂಪುಗಳು ತಿಂಗಳಿಂದ ತಿಂಗಳಿಗೆ ಮುಂದೆ ಸರಿಯುವುದನ್ನು ಹಿಂಬಾಲಿಸುತ್ತೇವೆ. ನೀವು ಬಳಸಿದ ಎಲೆಫಾನ್ ವಿಧಾನ ಮಾಡುವುದೂ ಅದನ್ನೇ. ಇಲ್ಲಿ ವೇಗವನ್ನು ಗಮನಿಸಿ. ಗರಿಷ್ಠ ಉದ್ದ 130 ಮಿಲಿಮೀಟರ್, ಬೆಳವಣಿಗೆಯ ಗುಣಾಂಕ ವರ್ಷಕ್ಕೆ 1.5 ಎಂದು ಉದಾಹರಣೆಗೆ ಹಿಡಿದರೆ ಮೂರು ತಿಂಗಳಿಗೆ ಸುಮಾರು 41, ಆರು ತಿಂಗಳಿಗೆ 69, ವರ್ಷಕ್ಕೆ 101 ಮಿಲಿಮೀಟರ್. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮರಿಗಳ ಅಲೆ ಬರುವ ಜೀವಿಯಲ್ಲಿ, ಎರಡು ಬೇರೆ ಅಲೆಗಳನ್ನು ತಂತ್ರಾಂಶ ಒಂದೇ ಗೆರೆಯಲ್ಲಿ ಪೋಣಿಸಿಬಿಡುವುದು ಬಹಳ ಸುಲಭ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ನಿಂತಿರುತ್ತವೆ. ಆ ಎರಡು ತಿಂಗಳ ಖಾಲಿ ಜಾಗದಲ್ಲಿ ಗೆರೆ ಯಾವ ಗುಂಪಿನಿಂದ ಯಾವ ಗುಂಪಿಗೆ ಹಾರಿದೆ ಎಂದು ಕಣ್ಣಿಟ್ಟು ನೋಡಿ. ಗಂಡು ಹೆಣ್ಣುಗಳನ್ನು ಬೇರ್ಪಡಿಸಿ ಎರಡು ಗೆರೆ ಎಳೆಯಲೇಬೇಕು, ಹೆಣ್ಣು ಹೆಚ್ಚು ದೊಡ್ಡದಾಗುತ್ತದೆ.

ಇನ್ನು ಬಂದರಿನ ಮಾತು. ನನ್ನ ಮಟ್ಟಿಗೆ ತಂತ್ರಾಂಶಕ್ಕಿಂತ ಇದೇ ದೊಡ್ಡದು. ಬೋಟಿನಿಂದ ಇಳಿಯುವಾಗಲೇ ಸಿಗಡಿ ಗಾತ್ರದ ಪ್ರಕಾರ ಬೇರೆ ಬೇರೆ ಬುಟ್ಟಿಗಳಲ್ಲಿರುತ್ತದೆ, ಏಕೆಂದರೆ ಬೆಲೆ ನಿಂತಿರುವುದೇ ಗಾತ್ರದ ಮೇಲೆ. ಕೈಗೆ ಸಿಕ್ಕ ಬುಟ್ಟಿಯಿಂದ ನೂರು ಸಿಗಡಿ ಅಳೆದರೆ ನೀವು ಅಳೆದದ್ದು ವಿಂಗಡಿಸಿದವರ ಕೈಚಳಕವನ್ನು, ಕಡಲನ್ನಲ್ಲ. ಪ್ರತಿ ದರ್ಜೆಯಿಂದಲೂ ಸ್ಯಾಂಪಲ್ ತೆಗೆದು, ಆ ದರ್ಜೆಯ ಒಟ್ಟು ತೂಕಕ್ಕೆ ಏರಿಸಿ, ಆಮೇಲೆ ಕೂಡಿಸಿದ್ದೀರಾ? ಇಲ್ಲದಿದ್ದರೆ ಅನುಪಾತದ ಚರ್ಚೆಗೆ ಮೊದಲು ಇದನ್ನು ಸರಿಪಡಿಸಿಕೊಳ್ಳಿ. ಮೂತಿಯ ಮುಳ್ಳು ಮುರಿದ ಸಿಗಡಿಗಳ ಪೂರ್ತಿ ಉದ್ದವನ್ನು ನಂಬಬೇಡಿ. ಕಣ್ಣಿನ ಗುಳಿಯ ಹಿಂಬದಿಯಿಂದ ಬೆನ್ನಚಿಪ್ಪಿನ ಅಂಚಿನವರೆಗಿನ ಅಳತೆಯೇ ಭದ್ರ.

ತಾಂಡೇಲರ, ಅಂದರೆ ಬೋಟಿನ ಮುಖ್ಯಸ್ಥರ, ಜೊತೆ ಮಾತನಾಡಿ. ಎಷ್ಟು ಗಂಟೆ ಬಲೆ ಎಳೆದರು, ಎಷ್ಟು ಮಾರು ಆಳದಲ್ಲಿ, ಯಾವ ದಿಕ್ಕಿನಲ್ಲಿ, ಬಲೆಯ ಚೀಲದ ಕಣ್ಣು ಎಷ್ಟು. ಹಲವು ದಿನ ಕಡಲಲ್ಲಿದ್ದು ಬರುವ ಬೋಟಿನ ಸಿಗಡಿಯೆಲ್ಲ ಒಂದೇ ಜಾಗದ್ದಲ್ಲ. ಡಾಕ್‌ನಲ್ಲಿ ನಮ್ಮ ಕಡೆಯ ಮಾತು ಬಲ್ಲವರು ಸಿಕ್ಕರೆ ಕನ್ನಡದಲ್ಲಿಯೇ ಕೇಳಿ. ಪ್ರಶ್ನಾವಳಿ ಹಿಡಿದು ನಿಂತವನಿಗೆ ಹೇಳದ್ದನ್ನು ಊರಿನವನಿಗೆ ಹೇಳುತ್ತಾರೆ.

ಗಂಟೆಗಳ ಲೆಕ್ಕ ಸಿಕ್ಕರೆ ಎರಡನೆಯ ಸಾಕ್ಷಿಯೊಂದು ತೆರೆದುಕೊಳ್ಳುತ್ತದೆ. ಆಗಸ್ಟ್‌ನಲ್ಲಿ ಬೋಟುಗಳು ಹೊರಟ ಮೇಲೆ ವಾರದಿಂದ ವಾರಕ್ಕೆ ಗಂಟೆಗೆ ಸಿಗುವ ಸಿಗಡಿ ಕುಸಿಯುತ್ತಾ ಹೋದರೆ, ಅದುವರೆಗೆ ಹಿಡಿದ ಒಟ್ಟು ಪ್ರಮಾಣದ ಎದುರು ಅದನ್ನು ಗುರುತಿಸಿ. ಆ ಗೆರೆ ಸೊನ್ನೆಯನ್ನು ಮುಟ್ಟುವ ಜಾಗವೇ ಋತುವಿನ ಆರಂಭದಲ್ಲಿದ್ದ ಸಿಗಡಿಯ ಅಂದಾಜು. ಲೆಸ್ಲಿ ಮತ್ತು ಡೇವಿಸ್ 1939ರಲ್ಲಿ ಕೊಟ್ಟ ಈ ವಿಧಾನಕ್ಕೆ ವಯಸ್ಸೂ ಬೇಡ, ಬೆಳವಣಿಗೆಯ ಸೂತ್ರವೂ ಬೇಡ. ನಡುವೆ ಹೊಸ ಮರಿಗಳು ಸೇರಿದರೆ ಅಥವಾ ಸಿಗಡಿ ಬೇರೆಡೆಗೆ ಸರಿದರೆ ಅದು ಕೆಡುತ್ತದೆ. ಹಾಗಾಗಿ ಕೆಲವೇ ವಾರಗಳಿಗೆ ಮಾತ್ರ ಬಳಸಿ, ಬೆಳೆದ ಗಾತ್ರದವುಗಳಿಗೆ ಮಾತ್ರ. ಆಸ್ಟ್ರೇಲಿಯಾದ ಉತ್ತರದ ಹುಲಿ ಸಿಗಡಿ ಮೀನುಗಾರಿಕೆಯ ಮಾಡೆಲ್‌ಗಳು ವಾರದ ಹೆಜ್ಜೆಯಲ್ಲಿ ನಡೆಯುವುದು ಇದೇ ಕಾರಣಕ್ಕೆ: ಒಂದೆರಡು ವರ್ಷ ಬದುಕುವ ಜೀವಿಗೆ ವರ್ಷದ ಹೆಜ್ಜೆ ತೀರಾ ಉದ್ದವಾಯಿತು. ನಿಮ್ಮ ಮಾರ್ಗದರ್ಶಕರು ಸೂಚಿಸಿದ ಶೇಫರ್ ಮಾಡೆಲ್‌ಗೆ ಹಲವು ವರ್ಷ ಎಷ್ಟು ಹಿಡಿದರು, ಅದಕ್ಕೆ ಎಷ್ಟು ಹೊತ್ತು ಬಲೆ ಎಳೆದರು ಎಂಬ ಅಂಕಿಗಳು ಬೇಕು, ಅದನ್ನು ಈ ಪ್ರಬಂಧದಲ್ಲಿ ಬಿಟ್ಟುಬಿಡಿ.

ಪ್ರಬಂಧದಲ್ಲಿ 0.6 ಎಂಬ ಒಂಟಿ ಸಂಖ್ಯೆಯ ಬದಲು ಒಂದು ಕೋಷ್ಟಕ ಕೊಡಿ: ಸಹಜ ಸಾವಿನ ದರ 1.5ರಿಂದ 3.5ರವರೆಗೆ ಏರಿದಂತೆ ಅನುಪಾತ ಎಷ್ಟಾಗುತ್ತದೆ, ಎಲ್ಲಿ 0.5ರ ಗೆರೆ ದಾಟುತ್ತದೆ. ಪಕ್ಕದಲ್ಲಿ ಆಗಸ್ಟ್‌ನ ಕುಸಿತದ ಚಿತ್ರ ಇರಲಿ. ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ‘ಅತಿಯಾದ ಮೀನುಗಾರಿಕೆ’ ಎಂದು ಧೈರ್ಯವಾಗಿ ಬರೆಯಿರಿ. ತೋರಿಸದಿದ್ದರೆ ‘ಸಹಜ ಸಾವು 2.5ಕ್ಕಿಂತ ಕಡಿಮೆ ಇದ್ದಲ್ಲಿ ಮಾತ್ರ’ ಎಂಬ ಷರತ್ತಿನೊಂದಿಗೆ ಬರೆಯಿರಿ. ಪರೀಕ್ಷಕರು ಪ್ರಶ್ನಿಸಿದರೆ ಕೋಷ್ಟಕವನ್ನೇ ಮುಂದಿಡಿ.